ಎಂಟನೇ ಇಯತ್ತೆಯ ಲೈಸೆನ್ಸು

ಹನ್ನೆರಡು ವರ್ಷ ಈ ದೇಶದಲ್ಲಿ ಲಾರಿ ಓಡಿಸಲು ಎಂಟನೇ ಇಯತ್ತೆ ಪಾಸಾಗಿರಬೇಕಿತ್ತು. 2007ರಲ್ಲಿ ಬಂದ ನಿಯಮ 2019ರಲ್ಲಿ ಹೋಯಿತು. ಡ್ರೈವಿಂಗ್ ಲೈಸೆನ್ಸನ್ನು ಆನ್‌ಲೈನಿನಲ್ಲಿ ನವೀಕರಿಸುವುದು ಹೇಗೆ, ಯಾರಿಗೆ ಸಾಧ್ಯ ಎಂದು ಹುಡುಕಲು ಹೊರಟವನಿಗೆ ಕೇಂದ್ರ ಮೋಟಾರು ವಾಹನ ನಿಯಮಾವಳಿಯಲ್ಲಿ ಇದು ಕಣ್ಣಿಗೆ ಬಿತ್ತು. ಆಮೇಲೆ ಮುಂದಕ್ಕೆ ಹೋಗಲು ಮನಸ್ಸೇ ಬರಲಿಲ್ಲ. ನಿಯಮಕ್ಕಿಂತ ಅದರ ಬಾಲದಲ್ಲಿದ್ದ ವಿನಾಯಿತಿ ಸ್ವಾರಸ್ಯದ್ದು: ಮೊದಲೇ ಲೈಸೆನ್ಸ್ ಇದ್ದವರು ನವೀಕರಣಕ್ಕೆ ಬಂದರೆ ಶಾಲೆಯ ದಾಖಲೆ ಕೇಳುವಂತಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ, ರಾಣೆಬೆನ್ನೂರಿನ ಬೀಜ, ಹಾವೇರಿಯ ಹತ್ತಿ ಹೇರಿಕೊಂಡು ಪುಣೆ–ಬೆಂಗಳೂರು ರಸ್ತೆಯಲ್ಲಿ ಓಡಾಡುತ್ತಿದ್ದ ಹಳೆಯ ಚಾಲಕರನ್ನು ಉಳಿಸಿದ್ದು ಆ ಒಂದು ಸಾಲು.

ಅವರು ಕಲಿತದ್ದು ಬೇರೆ ಸಾಲಿಯಲ್ಲಿ. ಹುಡುಗನಾಗಿದ್ದಾಗ ಕ್ಲೀನರ್ ಆಗಿ ಲಾರಿ ಹತ್ತಬೇಕು, ಗಾಜು ಒರೆಸಬೇಕು, ಚಕ್ರಕ್ಕೆ ಕಲ್ಲು ಕೊಡಬೇಕು, ತಾಡಪತ್ರಿ ಬಿಗಿಯಬೇಕು. ನಾಲ್ಕಾರು ವರ್ಷ ಕಳೆದ ಮೇಲೆ ಒಂದು ರಾತ್ರಿ ಉಸ್ತಾದನಿಗೆ ನಿದ್ದೆ ಬಂದಾಗ ಸ್ಟೇರಿಂಗ್ ಕೈಗೆ ಸಿಗುತ್ತಿತ್ತು. ಲೈಸೆನ್ಸು ಬಹಳ ಸಲ ಆಮೇಲಿನ ಮಾತು.

ಲೈಸೆನ್ಸಿನ ಕಾನೂನು ಹಳೆಯದು. ಇಡೀ ಭಾರತಕ್ಕೆ ಅನ್ವಯಿಸುವ ಮೋಟಾರು ಕಾಯ್ದೆ 1914ರಲ್ಲಿ ಬಂತು, ಆಮೇಲೆ 1939ರದು, ಈಗಿನದು 1988ರದು. ನಡುವೆ 1956ರಲ್ಲಿ ಈ ಹಾವೇರಿ–ಧಾರವಾಡ ಸೀಮೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಚಾಲಕನ ಜೇಬಿನಲ್ಲಿದ್ದುದು ಮಾತ್ರ ಬಹುಕಾಲ ಅದೇ ಪುಸ್ತಕ. ಒಳಗೆ ಅಂಟಿಸಿದ ಫೋಟೊ, ಅದರ ಮೇಲೆ ಅರ್ಧ ಬಿದ್ದ ಸೀಲು, ಹಿಂದಿನ ಪುಟಗಳಲ್ಲಿ ನವೀಕರಣ ಮಾಡಿದ ಪ್ರತಿ ಅಧಿಕಾರಿಯ ಮಸಿಯ ಸಹಿ. ಬೆವರಿಗೆ ಮೆತ್ತಗಾದ ಆ ಪುಸ್ತಕ ನೋಡಿದರೆ ಮನುಷ್ಯ ಎಲ್ಲೆಲ್ಲಿ, ಎಷ್ಟು ವರ್ಷ ಓಡಿಸಿದ್ದಾನೆ ಎಂಬುದು ಗೊತ್ತಾಗುತ್ತಿತ್ತು. ಈಗಿನ ಪ್ಲಾಸ್ಟಿಕ್ ಕಾರ್ಡು ಎಲ್ಲರದೂ ಒಂದೇ ನಮೂನೆ.

1989ರ ಜುಲೈಯಲ್ಲಿ ಹೊಸ ಕಾಯ್ದೆ ಜಾರಿಯಾದ ಮೇಲೆ ಕೆಎ ಅಂಕಿಗಳು ಬಂದವು. 25 ಧಾರವಾಡಕ್ಕೆ, 26 ಗದಗಕ್ಕೆ, 27 ಹಾವೇರಿಗೆ. 1997ರಲ್ಲಿ ಜಿಲ್ಲೆ ಮೂರು ಹೋಳಾದರೂ ಅಂಕಿಗಳಲ್ಲಿ ಹಳೆಯ ಧಾರವಾಡ ಇವತ್ತಿಗೂ ಒಂದೇ ಮನೆ. ರಾಣೆಬೆನ್ನೂರಿಗೆ ಸ್ವಂತ ಅಂಕಿ ಬಂದದ್ದು ತಡವಾಗಿ. ಅದಕ್ಕೇ ಅದು 68.

ಇನ್ನು ಎಂಟನೇ ಇಯತ್ತೆಯ ನಿಯಮ ಹೋದ 2019ರ ಬೇಸಿಗೆಯ ಜಗಳಕ್ಕೆ ಬರೋಣ. ಆ ಮೇ ತಿಂಗಳಲ್ಲಿ ರಾಜಸ್ಥಾನ ಹೈಕೋರ್ಟು, ಓದು ಬರಹ ಬಾರದವರು ರಸ್ತೆಯ ಫಲಕ ಓದಲಾರರು, ಅವರಿಂದ ಪಾದಚಾರಿಗಳಿಗೆ ಅಪಾಯ, ಅಂಥವರಿಗೆ ಲೈಸೆನ್ಸ್ ಕೊಡಕೂಡದು ಎಂದು ಹೇಳಿತು. ತಿಂಗಳು ತುಂಬುವಷ್ಟರಲ್ಲಿ, ಜೂನ್‌ನಲ್ಲಿ, ಕೇಂದ್ರ ಸಾರಿಗೆ ಸಚಿವಾಲಯ ತದ್ವಿರುದ್ಧ ದಿಕ್ಕು ಹಿಡಿಯಿತು. ಹರಿಯಾಣದ ಮೇವಾತ್ ಸೀಮೆಯ ಬಡ ಚಾಲಕರ ಪರವಾಗಿ ಅಲ್ಲಿಯ ಸರ್ಕಾರ ಕೇಳಿಕೊಂಡಿತ್ತು. ಸರಕು ಸಾಗಣೆಗೆ ದೇಶದಲ್ಲಿ ಸುಮಾರು 22 ಲಕ್ಷ ಚಾಲಕರ ಕೊರತೆಯಿದೆ ಎಂಬ ಲೆಕ್ಕವೂ ಸಚಿವಾಲಯದ ಬಳಿ ಇತ್ತು. ಎಂಟನೇ ಇಯತ್ತೆ ಬೇಡ, ತರಬೇತಿ ಮತ್ತು ಕೌಶಲ ಸಾಕು ಎಂದು ಸಾರಿತು. ಅದೇ ಉಸಿರಿನಲ್ಲಿ ಚಾಲಕನಿಗೆ ಫಲಕ ಓದಲು, ಪ್ರಯಾಣದ ದಾಖಲೆ ಬರೆದಿಡಲು ಬರಬೇಕು ಎಂದೂ ಸೇರಿಸಿತು.

ಕೋರ್ಟಿನ ವಾದ ನನಗೆ ಒಪ್ಪಿಗೆಯಾಗಲಿಲ್ಲ. ರಸ್ತೆಯ ಫಲಕಗಳು ಹುಟ್ಟಿದ್ದೇ ಅಕ್ಷರದ ಹಂಗಿಲ್ಲದೆ ಮಾತಾಡಲು. ಕೆಂಪು ಅಂಚಿನ ತ್ರಿಕೋನ ಕಂಡರೆ ಎಚ್ಚರ, ಕೆಂಪು ವೃತ್ತ ಕಂಡರೆ ನಿಷೇಧ. ತಮಿಳುನಾಡಿನ ಫಲಕದ ಅಕ್ಷರವನ್ನು ಪದವೀಧರನಾದ ಕನ್ನಡಿಗನೂ ಓದಲಾರ. ಮೋಟೆಬೆನ್ನೂರಿನ ಬಳಿ ಹೆದ್ದಾರಿ ಬಿಟ್ಟು ಬ್ಯಾಡಗಿಯ ಕಡೆ ಹೊರಳುವ ಗುಂಟೂರಿನ ಲಾರಿಯವನಿಗೆ ಕನ್ನಡ ಬರುತ್ತದೆಯೇ? ಎಪಿಎಂಸಿ ಅಂಗಳಕ್ಕೆ ಅವನು ದಾರಿ ತಪ್ಪದೆ ಬರುತ್ತಾನಲ್ಲ.

ನಿಜವಾಗಿ ಅಕ್ಷರ ಬೇಕಾದದ್ದು ಆ ನಿಯಮ ಹೋದ ಮೇಲೆ. 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 18 ಸೇವೆಗಳನ್ನು ಆಧಾರ್ ದೃಢೀಕರಣದ ಮೇಲೆ, ಕಚೇರಿಗೆ ಬರದೆ ಪಡೆಯಬಹುದು ಎಂದು ಪ್ರಕಟಿಸಿತು. ಮರುಪರೀಕ್ಷೆ ಬೇಡದ ಲೈಸೆನ್ಸಿನ ನವೀಕರಣ ಅದರಲ್ಲೊಂದು. ಸಾರಥಿ ಪೋರ್ಟಲ್ ತೆರೆದು ರಾಜ್ಯ ಆರಿಸಿ, ಲೈಸೆನ್ಸ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಹಾಕಿ, ಕಾಗದ ಏರಿಸಿ, ಹಣ ಕಟ್ಟಿದರೆ ಆಯಿತು. ಕೇಂದ್ರದ ಪಟ್ಟಿಯಲ್ಲಿ ನವೀಕರಣದ ಶುಲ್ಕ 200 ರೂಪಾಯಿ, ಸ್ಮಾರ್ಟ್ ಕಾರ್ಡಿನದು ಬೇರೆ. ಓದಿದವರಿಗೆ ಇದು ಉಪಕಾರವೇ. ಓದದವರು ಹೋಗುವುದು ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಸೆಂಟರಿಗೆ.

ಬ್ಯಾಡಗಿಯಲ್ಲಿ ಅಂಥದೊಂದು ಸೆಂಟರಿನಲ್ಲಿ ಸೋಮವಾರ ಕೂತಿದ್ದೆ. ಸೋಮವಾರ, ಗುರುವಾರ ಅಲ್ಲಿ ಮೆಣಸಿನಕಾಯಿ ವಹಿವಾಟು. ಘಾಟು ಒಳಗಿನವರೆಗೂ ಬಂದು ಹುಡುಗ ಕೀಲಿಮಣೆಯ ಮೇಲೆಯೇ ಸೀನುತ್ತಿದ್ದ. ಅಂಗಿಯ ತುಂಬ ಕೆಂಪು ದೂಳು ಹೊತ್ತ ಹಿರಿಯ ಚಾಲಕರೊಬ್ಬರು ಎದುರಿಗೆ ನಿಂತಿದ್ದರು.

"ಕಾಕಾ, ಓಟಿಪಿ ಬಂತೇನ್ರೀ?"

"ಏನೋ ಟಣ್ ಅಂದತಿ ನೋಡಪಾ" ಎಂದು ಫೋನನ್ನೇ ಅವನ ಕೈಗಿಟ್ಟರು. ಹುಡುಗ ಆರು ಅಂಕಿ ಒತ್ತಿದ. "ಮೂರ್ಛೆ ಬರ್ತಾವೇನ್ರಿ? ರಾತ್ರಿ ಕಣ್ ಕಾಣ್ತಾವಿಲ್ಲೋ?" ಎಂದು ಕೇಳಿದವನು ಉತ್ತರ ಬರುವ ಮೊದಲೇ ಗುರುತು ಹಾಕಿ ಮುಂದೆ ಹೋದ. ಅದು ಸ್ವಯಂ ಘೋಷಣೆಯ ನಮೂನೆ 1. ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಕಾಣುತ್ತದೆಯೇ ಎಂಬ ಪ್ರಶ್ನೆಯೂ ಅದರಲ್ಲಿದೆ. ಘೋಷಿಸಿದವನಿಗೆ ತಾನು ಏನು ಘೋಷಿಸಿದೆ ಎಂಬುದು ಗೊತ್ತಿಲ್ಲ. ಹಿಂದೆ ಆರ್‌ಟಿಓ ಗೇಟಿನ ಮುಂದೆ ಕೂರುತ್ತಿದ್ದ ಏಜೆಂಟರನ್ನು ಬೈಯುತ್ತಿದ್ದೆವು. ಆ ಜಾಗಕ್ಕೆ ಈ ಹುಡುಗ ಬಂದಿದ್ದಾನೆ, ಕೈಯಲ್ಲಿ ಕಾಕಾನ ಆಧಾರ್ ಸಮೇತ.

ನವೀಕರಣಕ್ಕೆ ಯಾರು ಅರ್ಹರು ಎಂಬುದನ್ನು ಕಾಯ್ದೆಯ 2019ರ ತಿದ್ದುಪಡಿ ಬಹಳ ಬದಲಾಯಿಸಿತು. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ ಮುಗಿದ ಒಂದು ವರ್ಷದ ತನಕ ಅರ್ಜಿ ಹಾಕಬಹುದು. ಅದು ದಾಟಿದರೆ ಮತ್ತೆ ಓಡಿಸಿ ತೋರಿಸಬೇಕು. ಸ್ವಂತ ಬಳಕೆಯ ಲೈಸೆನ್ಸು ಮೂವತ್ತರೊಳಗಿನವರಿಗೆ 40 ತುಂಬುವವರೆಗೆ, ಮೂವತ್ತರಿಂದ ಐವತ್ತರವರಿಗೆ ಹತ್ತು ವರ್ಷ, ಐವತ್ತರಿಂದ ಐವತ್ತೈದರವರಿಗೆ 60 ತುಂಬುವವರೆಗೆ, ಆಮೇಲೆ ಐದೈದು ವರ್ಷ. ಲಾರಿ, ಬಸ್ಸಿನವರಿಗೆ ಮೂರಿದ್ದದ್ದು ಐದು ವರ್ಷವಾಯಿತು. ಅವರಿಗೂ ನಲವತ್ತು ದಾಟಿದ ಎಲ್ಲರಿಗೂ ಡಾಕ್ಟರ ಸಹಿಯ ನಮೂನೆ 1ಎ ಬೇಕು. 2020ರ ಜೂನ್‌ನಿಂದ ಅಲ್ಪ ಮತ್ತು ಮಧ್ಯಮ ಪ್ರಮಾಣದ ವರ್ಣಾಂಧತೆ ಇದ್ದವರೂ ಲೈಸೆನ್ಸ್ ಪಡೆಯಬಹುದು. ಬಣ್ಣ ನೋಡಿಯೇ ಬೆಲೆ ಕಟ್ಟುವ ಬ್ಯಾಡಗಿಯಲ್ಲಿ ಅಂಥವರಿಗೆ ದಲಾಲಿ ಅಂಗಡಿಯಲ್ಲಿ ಕೆಲಸ ಸಿಗುವುದು ಕಷ್ಟ, ಲಾರಿಯಲ್ಲಿ ಸಿಕ್ಕೀತು.

ಯಂತ್ರ ತಪ್ಪಿದರೆ ಸರ್ಕಾರ ಉದಾರಿ. 2024ರ ಜನವರಿ ಕೊನೆಯಿಂದ ಫೆಬ್ರುವರಿ 12ರವರೆಗೆ ಸಾರಥಿ ಕೆಟ್ಟು ನಿಂತಿತು. ಜನವರಿ 31ರಿಂದ ಫೆಬ್ರುವರಿ 15ರ ನಡುವೆ ಮುಗಿಯುವ ಲೈಸೆನ್ಸುಗಳೆಲ್ಲ 29ರವರೆಗೆ ನಡೆಯುತ್ತವೆ ಎಂದು ಸಚಿವಾಲಯವೇ ಹೇಳಿತು. ಬ್ಯಾಡಗಿಗೆ ಮೆಣಸಿನಕಾಯಿ ಭರದಿಂದ ಬರುವ ದಿನಗಳು ಅವು.

ಪುಸ್ತಕದ ಲೈಸೆನ್ಸಿನವರಿಗೆ ಈ ಉದಾರತನ ಸಿಗಲಿಲ್ಲ. ಸಾರಥಿಗೆ ಬೇಕಾದದ್ದು ಕೆಎ 27, ಆಮೇಲೆ ಇಸವಿ, ಆಮೇಲೆ ಏಳು ಅಂಕಿ. ಧಾರವಾಡದ ರಿಜಿಸ್ಟರಿನಲ್ಲಿ ಮಸಿಯಲ್ಲಿ ಬರೆದ ಸಂಖ್ಯೆ ಅದಕ್ಕೆ ಅರ್ಥವಾಗುವುದಿಲ್ಲ; ಕೊಟ್ಟ ಕಚೇರಿಯೇ ಹಳೆಯ ಪುಟ ತೆಗೆದು ಗಣಕಕ್ಕೆ ಏರಿಸಬೇಕು. ಹಾಗೆ ಏರಿಸಲು 2022ರ ಮಾರ್ಚ್‌ನ ಗಡುವು ಬಂತು. ಆ ಸುದ್ದಿ ಲಾರಿ ಕ್ಯಾಬಿನ್ನಿನವರೆಗೆ ಮುಟ್ಟಿತೋ ಇಲ್ಲವೋ. ದಾಖಲೆ ಸಿಗದಿದ್ದವನಿಗೆ ನವೀಕರಣವಿಲ್ಲ, ಹೊಸ ಲೈಸೆನ್ಸೇ ಗತಿ. ಕಾಯ್ದೆಯ ಏಳನೇ ಕಲಮಿನಂತೆ ಸಾರಿಗೆ ವಾಹನದ ಕಲಿಕಾ ಲೈಸೆನ್ಸ್ ಬೇಕಾದರೆ ಲಘು ವಾಹನದ ಲೈಸೆನ್ಸ್ ಕೈಗೆ ಬಂದು ಕನಿಷ್ಠ ಒಂದು ವರ್ಷ ಆಗಿರಬೇಕು. ಮೂವತ್ತು ವರ್ಷ ಹತ್ತು ಚಕ್ರದ ಲಾರಿ ತಿರುಗಿಸಿದವರು ಕಾರಿನ ಲೈಸೆನ್ಸ್ ತೆಗೆದುಕೊಂಡು, ವರ್ಷ ಕಾದು, ಮತ್ತೆ ಅದೇ ಕಂಪ್ಯೂಟರ್ ಸೆಂಟರಿನ ಹುಡುಗನ ಮುಂದೆ ಫೋನು ಹಿಡಿಯಬೇಕು.