ಮೇಜಿನ ಮೇಲೊಂದು ಅನ್ಯಗ್ರಹ

ಮಂಗಳ ಗ್ರಹದವರು ಭೂಮಿಯ ಮೇಲೆ ದಂಡೆತ್ತಿ ಬಂದ ಕಥೆಯನ್ನು ಬರೆದ ಆಂಗ್ಲ ಲೇಖಕ ಎಚ್. ಜಿ. ವೆಲ್ಸರು 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಟ್ಟ ಪುಸ್ತಕವನ್ನು ಪ್ರಕಟಿಸಿದರು. ಆಟಿಕೆಯ ಸಿಪಾಯಿಗಳನ್ನೂ ಮರದ ತುಂಡುಗಳ ಮನೆಗಳನ್ನೂ ನೆಲದ ಮೇಲೆ ಹರಡಿ, ನಿಯಮಬದ್ಧವಾಗಿ ಯುದ್ಧವಾಡುವ ಬಗೆ ಅದರಲ್ಲಿದೆ. ವೆಲ್ಸರ ಈ ಎರಡು ಹುಚ್ಚುಗಳೂ ಮುಂದೊಮ್ಮೆ ಒಂದಾದವೆನ್ನಬೇಕು. 1987ರಲ್ಲಿ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯು ದೂರದ ಭವಿಷ್ಯತ್ಕಾಲದ ಸಮರವನ್ನು ಮೇಜಿನ ಮೇಲೆ ಆಡುವ ‘ವಾರ್‌ಹ್ಯಾಮರ್ 40,000’ ಎಂಬ ಆಟವನ್ನು ಹೊರತಂದಿತು.

ಈ ಆಟದ ಸೈನಿಕನ ಎತ್ತರ ಒಂದು ಅಂಗುಲಕ್ಕಿಂತ ತುಸು ಹೆಚ್ಚು. ಗೋಡೆಯ ಮರೆ, ದಿಬ್ಬದ ಎತ್ತರಗಳ ಮೇಲೆ ಸೋಲು ಗೆಲುವು ನಿಂತಿರುವುದರಿಂದ ರಣಭೂಮಿಯನ್ನು ಕಟ್ಟುವುದೇ ಒಂದು ಕಸುಬಾಗಿ ಬೆಳೆದಿದೆ. ಆರಡಿ ಉದ್ದ, ನಾಲ್ಕಡಿ ಅಗಲದ ಮೇಜಿಗೆ ಎರಡಡಿ ಚೌಕದ ಆರು ಹಲಗೆಗಳನ್ನು ಮಾಡಿಕೊಂಡರೆ, ಪ್ರತಿ ಸಲವೂ ಅವನ್ನು ತಿರುಗಿಸಿ ಹೊಸದೊಂದು ಗ್ರಹವನ್ನು ಜೋಡಿಸಬಹುದು. ತೊಡಕಿರುವುದೂ ಇಲ್ಲಿಯೇ. ಒಂದು ಹಲಗೆ ಕಾಲಂಗುಲ ಬಾಗಿದರೂ ಪಕ್ಕದ್ದಕ್ಕೆ ಹೊಂದದು. ತಿಂಗಳ ಶ್ರಮ ವ್ಯರ್ಥ. ಆದುದರಿಂದ ಸಾಮಗ್ರಿಯನ್ನು ಅಂದಕ್ಕಿಂತ ಮೊದಲು ಬಾಗದಿರುವ ಗುಣವನ್ನು ನೋಡಿ ಆರಿಸತಕ್ಕದ್ದು.

ರಟ್ಟು ಅಗ್ಗವೇನೋ ಹೌದು. ಆದರೆ ಒಂದೇ ಮಗ್ಗುಲಿಗೆ ನೀರು ಬೆರೆತ ಅಂಟನ್ನೋ ಬಣ್ಣವನ್ನೋ ಬಳಿದರೆ, ಒಣಗುವಾಗ ಅದು ಹಪ್ಪಳದಂತೆ ಮುರುಟಿಕೊಳ್ಳುತ್ತದೆ. ಹಿಂಬದಿಗೂ ಬಳಿದರೆ ಎಳೆತ ಸಮವಾಗುವುದು. ಎಂ.ಡಿ.ಎಫ್. ಹಲಗೆ ಸಮತಟ್ಟಾದರೂ ಭಾರ. ನೀರು ಹೀರಿದರೆ ಅಂಚು ಉಬ್ಬುವುದು, ಕೊಯ್ಯುವಾಗಿನ ಧೂಳು ಶ್ವಾಸಕೋಶಕ್ಕೆ ಹಿತವಲ್ಲ.

ಥರ್ಮೋಕೋಲ್ ನಮಗೆಲ್ಲ ಗಣೇಶನ ಮಂಟಪದಿಂದಲೇ ಪರಿಚಿತ. ಅಲಂಕಾರದ ಥರ್ಮೋಕೋಲನ್ನು ಭಾರತ ಸರಕಾರವು 2022ರ ಜುಲೈ 1ರಿಂದ ನಿಷೇಧಿಸಿದೆ. ಹೊಸದನ್ನು ಹುಡುಕುವ ಬದಲು, ಟಿ.ವಿ.ಯ ಪೆಟ್ಟಿಗೆಯಲ್ಲಿ ಬಂದ ತುಂಡುಗಳನ್ನು ಎಸೆಯದೆ ಬಳಸುವುದು ಮೇಲು. ಕೊಯ್ದರೆ ಕಾಳು ಕಾಳಾಗಿ ಉದುರುವುದು ಅದರ ಚಿಕ್ಕ ದೋಷ. ದೊಡ್ಡ ದೋಷ ಬೇರೆಯಿದೆ: ಡಬ್ಬಿಯ ಸ್ಪ್ರೇ ಬಣ್ಣವನ್ನು ನೇರವಾಗಿ ಹೊಡೆದರೆ, ಅದರಲ್ಲಿನ ದ್ರಾವಕಕ್ಕೆ ಇಡೀ ಕೋಟೆ ಕಣ್ಣೆದುರಿಗೇ ಕರಗಿ ಕುಸಿಯುತ್ತದೆ. ಮೊದಲು ಫೆವಿಕಾಲ್ ಬೆರೆಸಿದ ನೀರುಬಣ್ಣವನ್ನು ಒಂದು ಸಂದೂ ಬಿಡದಂತೆ ಬಳಿಯಬೇಕು.

ನನ್ನ ಮತ ಕೇಳಿದರೆ, ಕಟ್ಟಡಗಳಲ್ಲಿ ಶಾಖ ತಡೆಯಲು ಹಾಕುವ ಎಕ್ಸ್.ಪಿ.ಎಸ್. ಎಂಬ ಗಟ್ಟಿ ಫೋಮ್ ಹಲಗೆಯೇ ಉತ್ತಮ. ದ್ರಾವಕದ ಭಯ ಅದಕ್ಕೂ ತಪ್ಪಿದ್ದಲ್ಲ. ಆದರೆ ಕಾಳು ಉದುರದು. ಬಾಲ್‌ಪೆನ್ನಿನಿಂದ ಒತ್ತಿ ಗೆರೆ ಎಳೆದರೆ ಲೋಹದ ತಗಡುಗಳನ್ನು ಜೋಡಿಸಿದ ಭ್ರಮೆ ಹುಟ್ಟುತ್ತದೆ. ಕೆಳಗೆ ತೆಳು ಪ್ಲೈವುಡ್ಡನ್ನು ಅಂಟಿಸಿದರೆ ಅಂಚು ಜಜ್ಜುವುದಿಲ್ಲ. ಕಾದ ತಂತಿಯಿಂದ ಕೊಯ್ಯುವವರು ಕಿಟಕಿಗಳನ್ನು ತೆರೆದಿಡಬೇಕು. ಸನ್‌ಬೋರ್ಡ್ ಎಂದು ಮಾರುವ ಹಲಗೆಗೆ ಮಾತ್ರ ಕಾದ ತಂತಿಯನ್ನು ತಾಗಿಸಲೇಬಾರದು. ಅದು ಬಹುಪಾಲು ಪಿ.ವಿ.ಸಿ., ಸುಟ್ಟರೆ ಆಮ್ಲದ ಹೊಗೆಯೇಳುತ್ತದೆ. ಮಕ್ಕಳು ಜೊತೆಗಿದ್ದರೆ ಚಾಕುವೇ ಸಾಕು, ಅದೂ ದೊಡ್ಡವರ ಕೈಯಲ್ಲಿ.

ಹಳ್ಳಿಯ ಗುಡಿಸಲನ್ನು ಮಾಡುವುದಕ್ಕಿಂತ ಅನ್ಯಗ್ರಹವನ್ನು ಮಾಡುವುದು ಸುಲಭವೆಂದರೆ ವಾಚಕರು ನಗಬಹುದು. ಯಂತ್ರದಿಂದ ಹುಟ್ಟಿದ ಕಸವೆಲ್ಲ ಅಲ್ಲಿ ಯಂತ್ರವಾಗಿಯೇ ಸಲ್ಲುತ್ತದೆ. ಆ ಆಟದ ಮೊದಮೊದಲ ದಿನಗಳಲ್ಲಿ ಡಿಯೋಡರೆಂಟಿನ ಖಾಲಿ ಡಬ್ಬಿಯಿಂದ ತೇಲುವ ಟ್ಯಾಂಕನ್ನು ಮಾಡಿದ್ದರು. ಟೂತ್‌ಪೇಸ್ಟಿನ ಮುಚ್ಚಳ ಹೊಗೆಕೊಳವೆಯಾದೀತು. ಅಜ್ಜನ ಮಾತ್ರೆಗಳು ಮುಗಿದ ಖಾಲಿ ಪಟ್ಟಿಗೆ ಹಳದಿ ಬಳಿದರೆ, ಬಂದರಿನ ದೀಪಗಳ ಸಾಲು.