ಕೆಂಪು ದೀಪ ಹತ್ತಿದರೆ ವಿಮಾನ ಬಿದ್ದಂತಲ್ಲ

ಹೊಸದುರ್ಗದ ಕಡೆಯ ಯಾವ ತೋಟದ ಪಂಪ್‌ಸೆಟ್ ಮನೆಗೆ ಹೋದರೂ ಸ್ಟಾರ್ಟರ್ ಬೋರ್ಡಿನ ಮೇಲೆ ಕೆಂಪು, ಹಳದಿ, ನೀಲಿ ಪುಟ್ಟ ದೀಪಗಳು ಕಾಣುತ್ತವೆ. ಮೂರೂ ಉರಿಯುತ್ತಿದ್ದರೆ ಥ್ರೀ ಫೇಸ್ ಕರೆಂಟು ಬಂದಿದೆ, ಮೋಟರು ಹಾಕಬಹುದು. ಒಂದು ಆರಿದ್ದರೂ ಹಾಕಬಾರದು, ಹಾಕಿದರೆ ವೈಂಡಿಂಗ್ ಸುಟ್ಟುಹೋಗುತ್ತದೆ. ಅಲ್ಲಿ ಕೆಂಪು ಶುಭಸೂಚನೆ, ಆರಿದ ದೀಪವೇ ಎಚ್ಚರಿಕೆ. ರೈತರ ಮನೆಯ ಮಕ್ಕಳಿಗೆ ಇದನ್ನು ಯಾರೂ ಕೂರಿಸಿ ಕಲಿಸಬೇಕಾಗಿಲ್ಲ. ಅದೇ ಮಕ್ಕಳು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಏರ್‌ಬಸ್ ಎ320ರ ಕಾಕ್‌ಪಿಟ್ ತೆರೆದರೆ, ಸಿನಿಮಾ ಕಲಿಸಿದ ಮೂರು ನಂಬಿಕೆಗಳು ಅಡ್ಡ ಬರುತ್ತವೆ: ಕೆಂಪು ಎಂದರೆ ವಿಮಾನ ಬೀಳುತ್ತದೆ, ಹಳದಿ ಎಂದರೆ ಏನೋ ಕೆಟ್ಟಿದೆ, ಏನೂ ಉರಿಯದಿದ್ದರೆ ಎಲ್ಲ ಸರಿ. ಮೂರೂ ತಪ್ಪು. ಎಲ್ಲಿ ನೋಡಬೇಕು, ಎಷ್ಟು ಬೇಗ ನೋಡಬೇಕು ಎಂಬುದಷ್ಟೇ ದೀಪದ ಮಾತು. ಉಳಿದ ಅರ್ಥವನ್ನು ವಿಮಾನ ಆಗ ಯಾವ ಹಂತದಲ್ಲಿದೆ ಎಂಬುದನ್ನು ತಿಳಿದು ನಾವೇ ಕೂಡಿಸಿಕೊಳ್ಳಬೇಕು.

ಎ320ರ ತಲೆಯ ಮೇಲಿನ ಫಲಕವನ್ನೇ ನೋಡಿ. ಹಾರಾಟ ಸರಿಯಾಗಿ ನಡೆಯುತ್ತಿರುವಾಗ ಅದರ ಬಹುತೇಕ ಗುಂಡಿಗಳು ಕತ್ತಲಾಗಿರುವಂತೆ ಅದನ್ನು ರೂಪಿಸಿದ್ದಾರೆ. ಬಿಳಿ ಬಣ್ಣದ ‘ಆಫ್’ ಅಕ್ಷರ ಕಂಡರೆ ಯಾರೋ ಅದನ್ನು ಆರಿಸಿದ್ದಾರೆಂದು ಅರ್ಥ, ಕೆಟ್ಟಿದೆ ಎಂದಲ್ಲ. ಕೇಸರಿ ಬೆರೆತ ಹಳದಿಯನ್ನು ಪೈಲಟ್‌ಗಳು ಅಂಬರ್ ಎನ್ನುತ್ತಾರೆ. ಅದು ದೋಷದ ಬಣ್ಣ. ಆದರೆ ಎಂಜಿನ್ ಚಾಲೂ ಆಗುವ ಮೊದಲೇ ಎರಡೂ ಜನರೇಟರುಗಳ ಗುಂಡಿಯಲ್ಲಿ ಅಂಬರ್ ‘ಫಾಲ್ಟ್’ ಉರಿಯುತ್ತಿರುತ್ತದೆ. ಸಿಮ್ಯುಲೇಟರೇ ಕೆಟ್ಟಿತೆಂದು ಹೊಸಬರು ಗಾಬರಿಯಾಗುತ್ತಾರೆ. ತಿರುಗದ ಎಂಜಿನ್ನಿನ ಜನರೇಟರು ಕರೆಂಟು ಕೊಡದಿರುವುದು ಸಹಜವಲ್ಲವೇ? ಕೆಂಪಿಗೂ ಇದೇ ಮಾತು. ಇಳಿಯುವ ಮುನ್ನ ಚಕ್ರಗಳನ್ನು ಕೆಳಗೆ ಬಿಟ್ಟಾಗ, ಅವು ಚಲಿಸುತ್ತಿರುವಷ್ಟು ಹೊತ್ತು ಮೂರು ಕಡೆ ಕೆಂಪು ‘ಅನ್‌ಲಾಕ್’ ಸೂಚನೆ ಬರುತ್ತದೆ. ಚಕ್ರ ಗಟ್ಟಿಯಾಗಿ ಕೂತ ಮೇಲೆ ಕೆಂಪು ಆರಿ ಮೂರು ಹಸಿರು ತ್ರಿಕೋನಗಳು ಉಳಿಯುತ್ತವೆ. ಅಂದರೆ ಪ್ರತಿ ಕ್ಷೇಮದ ಲ್ಯಾಂಡಿಂಗಿನಲ್ಲೂ ಕೆಲ ಸೆಕೆಂಡು ಕೆಂಪು ದೀಪ ಉರಿದೇ ಇರುತ್ತದೆ.

ಕಣ್ಣೆದುರಿಗೇ ಇರುವ ಮಾಸ್ಟರ್ ಕಾಷನ್ ಗುಂಡಿಯ ಬಗ್ಗೆಯೂ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ: ಒತ್ತಿದರೆ ತೊಂದರೆ ಹೋಯಿತು ಎಂದು. ಒತ್ತಿದಾಗ ಆರುವುದು ಆ ದೀಪ ಮಾತ್ರ. ದೋಷದ ಹೆಸರು, ಮಾಡಬೇಕಾದ ಕೆಲಸದ ಪಟ್ಟಿ ನಡುವಿನ ಪರದೆಯ ಮೇಲೆ ಹಾಗೇ ಇರುತ್ತವೆ. ‘ನೋಡಿದೆ’ ಎಂದು ಸಹಿ ಹಾಕಿದ ಹಾಗೆ ಅದು. ಇನ್ನೊಂದು ಸಂಗತಿಯಂತೂ ಬಹಳ ಜನಕ್ಕೆ ಗೊತ್ತೇ ಇಲ್ಲ. ಟೇಕಾಫ್ ಓಟದಲ್ಲಿ ವೇಗ 80 ನಾಟ್ ದಾಟಿದ ಮೇಲೆ, ಸುಮಾರು 1,500 ಅಡಿ ಏರುವವರೆಗೆ, ತುರ್ತಲ್ಲದ ಹಲವು ಎಚ್ಚರಿಕೆಗಳನ್ನು ವಿಮಾನವೇ ಬೇಕೆಂದು ತಡೆಹಿಡಿಯುತ್ತದೆ. ಆ ಹೊತ್ತಿನಲ್ಲಿ ಪೈಲಟ್ಟಿನ ಗಮನ ಕದಿಯುವುದು ಸಣ್ಣ ದೋಷಕ್ಕಿಂತ ದೊಡ್ಡ ಅಪಾಯ.

ಅತ್ಯಂತ ಅಪಾಯದ ನಂಬಿಕೆ ಮೂರನೆಯದು, ಏನೂ ಉರಿಯದಿದ್ದರೆ ಎಲ್ಲ ಸರಿ ಎಂಬುದು. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320 ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. ವಿಮಾನದಲ್ಲಿದ್ದ 146 ಮಂದಿಯಲ್ಲಿ 92 ಮಂದಿ ಸತ್ತರು. ಯಂತ್ರದ ಯಾವ ಭಾಗವೂ ಕೆಟ್ಟಿರಲಿಲ್ಲ, ಆದ್ದರಿಂದ ಕೆಟ್ಟಿದೆ ಎಂದು ಸಾರುವ ದೀಪವೂ ಇರಲಿಲ್ಲ. ಎಂಜಿನ್ನುಗಳನ್ನು ಕನಿಷ್ಠ ಶಕ್ತಿಯಲ್ಲಿರಿಸುವ ‘ಓಪನ್ ಡಿಸೆಂಟ್’ ವಿಧಾನದಲ್ಲಿ ವಿಮಾನ ಇಳಿಯುತ್ತಿತ್ತು, ವೇಗ ಕುಸಿಯುತ್ತಿತ್ತು. ಅದನ್ನು ಹೇಳುತ್ತಿದ್ದದ್ದು ಪರದೆಯ ಮೇಲಂಚಿನ ಕೆಲವು ಸಣ್ಣ ಅಕ್ಷರಗಳು ಮತ್ತು ವೇಗದ ಪಟ್ಟಿ. ಸಿಮ್ಯುಲೇಟರಿನಲ್ಲಿ ಕಲಿಯುವವರು ಗುಂಡಿಗಳಿಗಿಂತ ಮೊದಲು ಆ ಅಕ್ಷರಗಳ ಸಾಲನ್ನು ಓದಲು ಕಲಿಯಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹಾಗಾದರೆ ಇನ್ನಷ್ಟು ದೀಪ, ಇನ್ನಷ್ಟು ಗಂಟೆ ಇಟ್ಟರೆ ಆಗದೇ ಎಂದು ಕೇಳಬಹುದು. ಮಂಗಳೂರಿನ ಉತ್ತರ ಬೇರೆ. 2010ರ ಮೇ 22ರಂದು ಬಜ್ಪೆಯಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ಬೋಯಿಂಗ್ 737, ‘ಮೇಲೇಳು’ ಎಂದು ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಕೂಗಿತ್ತು. ಸಹ ಪೈಲಟ್ ಕೂಡ ಇಳಿಯುವುದು ಬೇಡವೆಂದು ಹೇಳಿದ್ದರು. ಆದರೂ ವಿಮಾನ ರನ್‌ವೇಯ ಅರ್ಧಕ್ಕಿಂತ ಹೆಚ್ಚು ದಾಟಿದ ಮೇಲೆ ನೆಲ ಮುಟ್ಟಿತು. ಅಮೆರಿಕದ ಫ್ಲಾರಿಡಾದಲ್ಲಿ 1972ರ ಡಿಸೆಂಬರ್ 29ರಂದು ಆದದ್ದು ಇದರ ಇನ್ನೊಂದು ಮುಖ. ಮುಂದಿನ ಚಕ್ರದ ಹಸಿರು ದೀಪ ಹತ್ತಲಿಲ್ಲ. ಬಲ್ಬು ಸುಟ್ಟಿತ್ತು, ಅಷ್ಟೇ. ಸಿಬ್ಬಂದಿಯೆಲ್ಲ ಆ ಬಲ್ಬಿನ ಹಿಂದೆ ಬಿದ್ದಾಗ ವಿಮಾನ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಎತ್ತರ ತಪ್ಪಿದೆ ಎಂದು ಒಮ್ಮೆ ಸದ್ದಾದದ್ದು ಯಾರ ಕಿವಿಗೂ ಬೀಳಲಿಲ್ಲ. ನೂರಕ್ಕೂ ಹೆಚ್ಚು ಜೀವ ಹೋದವು.

ಹೊಸದುರ್ಗವಿರುವ ನಮ್ಮ ಜಿಲ್ಲೆಯಿಂದಲೇ ಏಳಬಹುದಾದ ಇನ್ನೊಂದು ಆಕ್ಷೇಪವಿದೆ. 2023ರ ಏಪ್ರಿಲ್ 2ರಂದು ಚಳ್ಳಕೆರೆ ಬಳಿಯ ಡಿಆರ್‌ಡಿಒ ಪರೀಕ್ಷಾ ವಲಯದಲ್ಲಿ ಇಸ್ರೋದ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ಒಳಗೆ ಯಾರೂ ಇಲ್ಲದೆಯೇ ಅದು ತಾನಾಗಿ ರನ್‌ವೇಗೆ ಇಳಿಯಿತು. ಯಂತ್ರವೇ ಇಷ್ಟು ಬಲ್ಲದಾದರೆ ಮನುಷ್ಯನಿಗೆ ದೀಪ ಏಕೆ? ಚಳ್ಳಕೆರೆಯಲ್ಲಿ ಇಳಿದದ್ದು ಒಂದೇ ಕೆಲಸಕ್ಕೆಂದು ತಿಂಗಳುಗಟ್ಟಲೆ ಸಿದ್ಧಗೊಂಡ ಪ್ರಯೋಗದ ವಾಹನ. ರನ್‌ವೇ ಮುಂಚೆಯೇ ಗೊತ್ತಿತ್ತು, ಒಳಗೆ ಪ್ರಯಾಣಿಕರಿರಲಿಲ್ಲ. ಪ್ರಯಾಣಿಕರ ವಿಮಾನದಲ್ಲಿ ಹೊಗೆ, ಮೋಡ, ಕಾಯಿಲೆ ಬಿದ್ದ ಪ್ರಯಾಣಿಕ, ಮುಚ್ಚಿದ ನಿಲ್ದಾಣ ಒಟ್ಟಿಗೇ ಬರಬಹುದು. ಆಗ ಯಾವುದು ಮೊದಲು ಎಂದು ತೂಗಿ ನೋಡುವವರು ಮುಂದಿನ ಸೀಟುಗಳಲ್ಲಿ ಕೂತ ಇಬ್ಬರು. ಅಂಬರ್ ದೀಪ ಹತ್ತಿದ ಕೂಡಲೇ ಅವರಲ್ಲಿ ಒಬ್ಬರು ಹಾರಿಸುವುದನ್ನು ಮುಂದುವರಿಸುತ್ತಾರೆ, ಇನ್ನೊಬ್ಬರು ಪರದೆಯನ್ನು ಗಟ್ಟಿಯಾಗಿ ಓದುತ್ತಾರೆ. ಮನೆಯ ಸಿಮ್ಯುಲೇಟರಿನಲ್ಲಿ ಒಬ್ಬರೇ ಕೂತಿದ್ದರೂ ಈ ಕ್ರಮ ಬಿಡಬಾರದು: ಮೊದಲು ವೇಗ, ಎತ್ತರ, ದಿಕ್ಕು, ಗುಂಡಿಗೆ ಕೈ ಆಮೇಲೆ.