ಬಿಸಿ ಸೀಟು, ತಣ್ಣನೆಯ ಉತ್ತರ

ಏಪ್ರಿಲ್ ತಿಂಗಳ ಮಧ್ಯಾಹ್ನ ಬಳ್ಳಾರಿ ಸೀಮೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಮೋಟರ್‌ಸೈಕಲ್ ಮೇಲೆ ಒಮ್ಮೆ ಕುಳಿತವರಿಗೆ ‘ಬಿಸಿ ಸೀಟು’ ಎಂದರೆ ನಗು ಬಂದೀತು. ಹಣ ಕೊಟ್ಟು ಸೀಟನ್ನು ಬಿಸಿ ಮಾಡಿಕೊಳ್ಳುವವರೂ ಇದ್ದಾರೆಯೇ? ಇದ್ದಾರೆ. ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ಬತ್ತದ ಬೇಸಾಯ ಮಾಡಿಕೊಂಡಿರುವ ನನ್ನ ಅಕ್ಕನ ಮಗನೇ ಅಂಥವನೊಬ್ಬ. 2025ರ ಜೂನ್‌ನಲ್ಲಿ ಗೆಳೆಯರ ಜೊತೆ ಲಡಾಖಿಗೆ ಹೋಗುವ ಯೋಜನೆ ಹಾಕಿಕೊಂಡಿದ್ದ ಅವನು, ಆ ವರ್ಷದ ಜನವರಿಯಲ್ಲೇ ಅಂತರಜಾಲದ ಮಾರಾಟ ತಾಣವೊಂದರಿಂದ ಸೀಟು ಬಿಸಿ ಮಾಡುವ ಜೋಡಿ ಪ್ಯಾಡುಗಳನ್ನು ತರಿಸಿಕೊಂಡ. ಆ ಪ್ಯಾಡುಗಳು ನನ್ನ ಪ್ರಯೋಗಾಲಯದ ಮೇಜಿಗೆ ಬಂದದ್ದು ಹೇಗೆ, ಹತ್ತನೆಯ ತರಗತಿಯ ಓಮ್ ನಿಯಮ ಅವುಗಳ ಮಾರಾಟಗಾರನಿಗೆ ಬರೆದ ದೂರಿನ ಆಧಾರವಾದದ್ದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮೊದಲು ನಮ್ಮ ಊರಿನ ಪುಕ್ಕಟೆ ಬಿಸಿ ಸೀಟನ್ನು ಲೆಕ್ಕ ಹಾಕೋಣ. ಮೋಡವಿಲ್ಲದ ನಡುಹಗಲಿನಲ್ಲಿ ನೆಲದ ಮೇಲೆ ಬೀಳುವ ಸೌರಶಕ್ತಿ ಒಂದು ಚದರ ಮೀಟರಿಗೆ ಸುಮಾರು 1000 ವಾಟ್. ಮೋಟರ್‌ಸೈಕಲ್ ಸೀಟಿನ ವಿಸ್ತೀರ್ಣ ಸುಮಾರು 0.2 ಚದರ ಮೀಟರ್ ಎಂದಿಟ್ಟುಕೊಳ್ಳಿ. ಕಪ್ಪು ರೆಕ್ಸಿನ್ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹೀರಿಕೊಳ್ಳುತ್ತದೆ. ಅಂದರೆ ಸುಮಾರು 180 ವಾಟ್! ಅವನು ಕೊಂಡ ಪ್ಯಾಡುಗಳ ಮೇಲೆ ಬರೆದಿದ್ದ ಸಾಮರ್ಥ್ಯ 48 ವಾಟ್ ಮಾತ್ರ. ಗೋಣಿತಾಟು ಹೊದಿಸಿ ಗಾಡಿ ನಿಲ್ಲಿಸುವ ನಮ್ಮ ಜನಕ್ಕೆ ಈ ಗುಣಾಕಾರ ಗೊತ್ತಿಲ್ಲದಿರಬಹುದು, ಅದರ ಉತ್ತರ ಮಾತ್ರ ಚೆನ್ನಾಗಿ ಗೊತ್ತು.

ಆದರೆ ಲೇಹ್‌ನಿಂದ ಮುಂದಿರುವ ಖಾರ್ದುಂಗ್ ಲಾ ಕಣಿವೆಮಾರ್ಗ 5,359 ಮೀಟರ್ ಎತ್ತರದಲ್ಲಿದೆ. ಒಂದು ಕಿಲೋಮೀಟರ್ ಮೇಲೇರಿದರೆ ವಾಯುವಿನ ಉಷ್ಣತೆ ಸರಾಸರಿ 6.5° ಸೆ. ಇಳಿಯುತ್ತದೆ ಎಂಬ ಲೆಕ್ಕದಲ್ಲಿ, ಸಮುದ್ರಮಟ್ಟಕ್ಕಿಂತ ಅಲ್ಲಿ ಸುಮಾರು 35° ಸೆ. ಕಡಿಮೆ. ಮೇಲಾಗಿ ಓಡುವ ಗಾಡಿಯ ಗಾಳಿ ಮೈಯ ಶಾಖವನ್ನು ಎಳೆದೊಯ್ಯುತ್ತದೆ. ಸುಮ್ಮನೆ ಕುಳಿತ ಮನುಷ್ಯ ಹೊರಬಿಡುವ ಶಾಖ ಸುಮಾರು 100 ವಾಟ್. ಅಂಥವನಿಗೆ ಇನ್ನೊಂದು 50 ವಾಟ್ ಒದಗಿಸಿದರೆ ಅದು ಸಣ್ಣ ಸಹಾಯವೇನಲ್ಲ. ಚಳಿದೇಶಗಳಲ್ಲಿ ಇದು ಹಳೆಯ ಸಂಗತಿ. ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ 1966ರಲ್ಲೇ ಬಿಸಿ ಸೀಟನ್ನು ಬೇಕಾದವರಿಗೆ ಹಾಕಿಕೊಡುತ್ತಿದ್ದರು.

ಪ್ಯಾಡಿನ ಒಳಗೆ ಇರುವುದು ಇಂಗಾಲದ ನಾರಿನ ಎಳೆ. ಅದರಲ್ಲಿ ವಿದ್ಯುತ್ತು ಹರಿದಾಗ ಶಾಖ ಹುಟ್ಟುತ್ತದೆ. ಜೌಲ್ 1841ರಲ್ಲಿ ಪ್ರಕಟಿಸಿದ ನಿಯಮವೇ ಇಲ್ಲಿಯೂ ಆಧಾರ. ಅದನ್ನು ಕೂರಿಸಬೇಕಾದ ಜಾಗ ಸೀಟಿನ ಸ್ಪಂಜಿನ ಮೇಲೆ, ರೆಕ್ಸಿನ್ ಹೊದಿಕೆಯ ಕೆಳಗೆ. ‘ಅರ್ಧ ಶಾಖ ಕೆಳಗೆ ಹೋಗಿಬಿಡುವುದಿಲ್ಲವೇ ಸರ್?’ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಸ್ಪಂಜಿನ ಉಷ್ಣವಾಹಕತೆ ಸುಮಾರು 0.035 (ಮೀಟರಿಗೆ, ಡಿಗ್ರಿಗೆ ವಾಟ್). 5 ಸೆಂಟಿಮೀಟರ್ ದಪ್ಪ, 0.1 ಚದರ ಮೀಟರ್ ವಿಸ್ತೀರ್ಣ, ಮೇಲೆ ಕೆಳಗೆ 30 ಡಿಗ್ರಿ ವ್ಯತ್ಯಾಸ ಎಂದರೂ ಕೆಳಕ್ಕೆ ಸೋರುವುದು 2 ವಾಟ್ ಮಾತ್ರ. ಒಂದು ಮಿಲಿಮೀಟರ್ ದಪ್ಪದ ರೆಕ್ಸಿನ್ ಮೂಲಕ 40 ವಾಟ್ ಮೇಲೆ ಬರಲು ಸುಮಾರು 3 ಡಿಗ್ರಿ ವ್ಯತ್ಯಾಸ ಸಾಕು. ಉಷ್ಣಪ್ರಸಾರದ ಸೂತ್ರ ಕಲಿಸುವಾಗ ಗೋಡೆ, ಕಿಟಕಿಗಳ ಬದಲು ಈ ಉದಾಹರಣೆ ಕೊಟ್ಟು ನೋಡಿ.

ಅಳವಡಿಸುವ ಕೆಲಸವನ್ನು ಅವನು ಸಿರುಗುಪ್ಪದಲ್ಲಿ ಸೀಟು ಹೊಲಿಯುವವರೊಬ್ಬರ ಬಳಿ ಮಾಡಿಸಿದ. ಸೀಟಿನ ತಳದ ಪಿನ್ನುಗಳನ್ನು ಕಿತ್ತು, ಹೊದಿಕೆ ಬಿಡಿಸಿ, ಎಡಕ್ಕೊಂದು ಬಲಕ್ಕೊಂದು ಪ್ಯಾಡು ಅಂಟಿಸಿ, ಮತ್ತೆ ಪಿನ್ನು ಹೊಡೆದರು. ಪಿನ್ನು ಎಳೆಗೆ ತಾಗದಂತೆ ಎಚ್ಚರ ವಹಿಸಿದ್ದರು, ಕೆಲಸಗಾರ ಜಾಣ. ವೈರಿಂಗನ್ನು ಮಾತ್ರ ನಾನೇ ನೋಡಿದೆ. ಗಾಡಿಯ ಮೂಲ ವೈರುಗಳನ್ನು ಕೊಯ್ಯಲಿಲ್ಲ, ಏಕೆಂದರೆ ಕೊಯ್ದರೆ ಗಾಡಿಯ ವಾರಂಟಿಯ ವಿಷಯದಲ್ಲಿ ತಕರಾರು ಏಳಬಹುದು. ಬ್ಯಾಟರಿಯಿಂದ ನೇರವಾಗಿ ಹೊಸ ವೈರು ಎಳೆದು, ಬ್ಯಾಟರಿಯ ಪಕ್ಕದಲ್ಲೇ 7.5 ಆಂಪಿಯರ್ ಫ್ಯೂಸ್ ಇಟ್ಟು, ನಡುವೆ ರಿಲೇ ಹಾಕಿದೆವು. ರಿಲೇಯ 30 ಮತ್ತು 87ನೇ ಕಾಲುಗಳಲ್ಲಿ ಪ್ಯಾಡಿನ ಪ್ರವಾಹ, 85 ಮತ್ತು 86ರಲ್ಲಿ ಇಗ್ನಿಷನ್ನಿನಿಂದ ಬರುವ ಸಣ್ಣ ಪ್ರವಾಹ. ಕೀಲಿ ತೆಗೆದರೆ ಪ್ಯಾಡೂ ಆರುತ್ತದೆ. ಮರೆತು ಬ್ಯಾಟರಿ ಬರಿದಾಗುವ ಭಯವಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಮೋಟರ್‌ಸೈಕಲ್ಲಿನ ಜನರೇಟರು ಕಾರಿನದರಂತೆ ಉದಾರಿಯಲ್ಲ. 2017ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಮುಂದಿನ ದೀಪ ಉರಿಯುತ್ತಲೇ ಇರುತ್ತದೆ. ಹ್ಯಾಲೊಜೆನ್ ದೀಪವಾದರೆ ಅದಕ್ಕೇ ಸುಮಾರು 55 ವಾಟ್ ಹೋಗುತ್ತದೆ. ಮಿಕ್ಕದ್ದರಲ್ಲಿ ಪ್ಯಾಡಿಗೆ ಎಷ್ಟು ಉಳಿಯುತ್ತದೆಂದು ಗಾಡಿಯ ಕೈಪಿಡಿ ನೋಡಿ ಲೆಕ್ಕ ಹಾಕದೆ ಏನನ್ನೂ ಜೋಡಿಸಬೇಡಿ. ನಿಧಾನವಾಗಿ ಓಡುವಾಗ ಜನರೇಟರು ಕೊಡುವುದು ಇನ್ನೂ ಕಡಿಮೆ. ‘12 ವೋಲ್ಟ್’ ಎಂಬುದೂ ಹೆಸರಿಗಷ್ಟೆ. ಎಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲಿ ಸುಮಾರು 14 ವೋಲ್ಟ್ ಇರುತ್ತದೆ. ಸಾಮರ್ಥ್ಯವು ವಿಭವಾಂತರದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 48 ವಾಟಿನ ಪ್ಯಾಡು 65 ವಾಟ್ ಎಳೆಯುತ್ತದೆ.

ಫೆಬ್ರುವರಿಯ ಒಂದು ನಸುಕಿನಲ್ಲಿ ಕರೂರಿನಿಂದ ಬಳ್ಳಾರಿಗೆ ಬಂದವನು ಗಾಡಿ ಇಳಿಯುತ್ತಲೇ ಹೇಳಿದ: ‘ಮಾಮ, ಎಡಗಡಿ ತೊಡಿ ಬೆಚ್ಚಗಾಗ್ತೈತಿ, ಬಲಗಡಿ ತಣ್ಣಗೈತಿ. ಸ್ವಿಚ್ಚು ಕಡಿಮಿಗೆ ಇಟ್ರ ಎರಡೂ ತಣ್ಣಗ.’

ಓದುಗರೇ, ಮುಂದೆ ಓದುವ ಮೊದಲು ಒಂದು ನಿಮಿಷ ಯೋಚಿಸಿ. ಈ ಮಾತಿನಲ್ಲೇ ರೋಗಲಕ್ಷಣವೂ ಇದೆ, ರೋಗವೂ ಇದೆ.

ಇಂಥ ಸಾಧನದಲ್ಲಿ ‘ಹೆಚ್ಚು’, ‘ಕಡಿಮೆ’ ಎಂಬ ಎರಡು ಮಟ್ಟಗಳನ್ನು ಸುಲಭವಾಗಿ ಪಡೆಯುವ ಉಪಾಯ ಹೀಗಿದೆ: ‘ಹೆಚ್ಚು’ ಇದ್ದಾಗ ಎರಡು ಪ್ಯಾಡುಗಳು ಸಮಾಂತರ ಸಂಪರ್ಕದಲ್ಲಿ, ‘ಕಡಿಮೆ’ ಇದ್ದಾಗ ಸರಣಿ ಸಂಪರ್ಕದಲ್ಲಿ. ಒಂದೊಂದು ಪ್ಯಾಡಿನ ರೋಧ 6 ಓಮ್ ಆದರೆ ಸಮಾಂತರದಲ್ಲಿ 3 ಓಮ್, ಸರಣಿಯಲ್ಲಿ 12 ಓಮ್. 14 ವೋಲ್ಟಿಗೆ ಕ್ರಮವಾಗಿ 65 ಮತ್ತು 16 ವಾಟ್. ಸರಿಯಾಗಿ ನಾಲ್ಕು ಪಟ್ಟು. ಈಗ ಬಲಗಡೆಯ ಪ್ಯಾಡಿನ ಎಳೆ ತುಂಡಾಗಿದೆ ಎನ್ನಿ. ಸಮಾಂತರದಲ್ಲಿ ಎಡಗಡೆಯದು ತನ್ನ ಪಾಡಿಗೆ ಕಾಯುತ್ತದೆ. ಸರಣಿಯಲ್ಲಿ ಮಂಡಲವೇ ಕಡಿದುಹೋಗಿ ಎರಡೂ ತಣ್ಣಗಿರುತ್ತವೆ. ಬ್ಯಾಟರಿ ದುರ್ಬಲವಾಗಿದ್ದರೆ ಎರಡೂ ಕಡೆ ಬಿಸಿ ಸಮವಾಗಿ ಕಡಿಮೆಯಾಗಬೇಕಿತ್ತೇ ಹೊರತು ಹೀಗಲ್ಲ.

ಮಾರಾಟಗಾರರ ಗ್ರಾಹಕ ಸೇವೆಗೆ ಅವನು ಇಷ್ಟೊತ್ತಿಗೆ ಹಲವು ಸಲ ಫೋನು ಮಾಡಿದ್ದ. ಹೆಚ್ಚಿನ ಸಲ ಸಂಗೀತ ಕೇಳಿಸಿಕೊಂಡು ಇಟ್ಟಿದ್ದ. ಸಿಕ್ಕ ಮೊದಲ ಉತ್ತರ: ‘ಬ್ಯಾಟರಿ ಚೆಕ್ ಮಾಡಿಸಿ.’ ಎರಡನೆಯ ಉತ್ತರ: ‘ಒಮ್ಮೆ ಅಳವಡಿಸಿದ ವಸ್ತುವನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.’ ಅಳವಡಿಸದೆ ಅದು ಕೆಟ್ಟಿದೆಯೆಂದು ತಿಳಿಯುವುದು ಹೇಗೆ ಎಂದು ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ನಿಜ ಹೇಳಬೇಕೆಂದರೆ ತಿಳಿಯುವ ದಾರಿ ಇತ್ತು. ಸೀಟಿನೊಳಗೆ ಹಾಕುವ ಮೊದಲೇ ಮಲ್ಟಿಮೀಟರಿನಿಂದ ಎರಡರ ರೋಧವನ್ನೂ ಅಳೆಯಬೇಕಿತ್ತು. ಮೂವತ್ತು ವರ್ಷ ಮಕ್ಕಳಿಗೆ ಅಳೆಯಲು ಹೇಳುತ್ತ ಬಂದವನು ಅಂದು ಅಳೆಯಲಿಲ್ಲ. ತಪ್ಪು ನನ್ನದು.

ಈಗಲಾದರೂ ಅಳೆದೆವು. ಇಂಥ ಸಣ್ಣ ರೋಧ ಅಳೆಯುವಾಗ ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ನೋಡಬೇಕು, ನಮ್ಮದರಲ್ಲಿ 0.3 ಓಮ್ ತೋರಿಸಿತು. ಅದನ್ನು ಕಳೆಯಬೇಕು. ಎಡ ಪ್ಯಾಡು 6.2 ತೋರಿಸಿತು, ಅಂದರೆ 5.9 ಓಮ್. ಬಲ ಪ್ಯಾಡಿಗೆ ಮೀಟರು ಎಡತುದಿಯಲ್ಲಿ ಬರಿಯ 1 ತೋರಿಸಿ ಸುಮ್ಮನಾಯಿತು. ಅದು ಒಂದು ಓಮ್ ಅಲ್ಲ, ‘ಅಳತೆಗೆ ಮೀರಿದ್ದು’ ಎಂಬ ಸಂಕೇತ. (ಪ್ರತಿವರ್ಷ ಯಾರಾದರೊಬ್ಬರು ಅದನ್ನು ದಾಖಲೆ ಪುಸ್ತಕದಲ್ಲಿ ಒಂದು ಓಮ್ ಎಂದೇ ಬರೆಯುತ್ತಾರೆ.) ಹೊದಿಕೆಯನ್ನು ಒಂದು ಕಡೆ ಬಿಡಿಸಿ ಪ್ಯಾಡನ್ನು ಬಗ್ಗಿಸಿದಾಗ ಕ್ಷಣಕಾಲ 6ರ ಆಸುಪಾಸಿನ ಅಂಕಿ ಮಿನುಗಿ ಮಾಯವಾಯಿತು. ಮೊದಲ ದಿನ ಎರಡೂ ಕಡೆ ಬಿಸಿಯಾದದ್ದೇಕೆ ಎಂಬುದೂ ಇದರಿಂದ ತಿಳಿಯಿತು. ಮಂಡಲದಲ್ಲಿ ಪ್ರವಾಹ ಅಳೆದರೆ ಇರಬೇಕಾದ 4.7 ಆಂಪಿಯರ್ ಬದಲು 2.3.

ತುಂಡಾಗಿಯೂ ತಾಗಿಕೊಂಡಿರುವ ಇಂಥ ಎಳೆ ಬರಿಯ ತೊಂದರೆಯಲ್ಲ, ಅಪಾಯ. ಸಡಿಲ ಸಂಪರ್ಕವೊಂದರ ರೋಧ ಅರ್ಧ ಓಮ್ ಎಂದಿಟ್ಟುಕೊಂಡು, ಅದರಲ್ಲಿ 4 ಆಂಪಿಯರ್ ಹರಿದರೆ ಹುಟ್ಟುವ ಶಾಖ 8 ವಾಟ್. ಸೀಟಿನಗಲಕ್ಕೆ ಹರಡಿದರೆ 8 ವಾಟ್ ಏನೂ ಅಲ್ಲ. ಅಕ್ಕಿಕಾಳಿನಷ್ಟು ಜಾಗದಲ್ಲಿ ಹುಟ್ಟಿದರೆ ಪ್ಲಾಸ್ಟಿಕ್ಕು ಕರಗುತ್ತದೆ, ಸ್ಪಂಜು ಸುಡುತ್ತದೆ. ಫ್ಯೂಸು ಇದನ್ನು ತಡೆಯುವುದಿಲ್ಲ, ಏಕೆಂದರೆ ಪ್ರವಾಹ ಹೆಚ್ಚಾಗಿಲ್ಲ! ಇನ್ನೊಂದು ಸಂಗತಿ. ಚರ್ಮವನ್ನು ಸುಡಲು ಕುದಿನೀರೇ ಬೇಕಿಲ್ಲ. ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ವಿಜ್ಞಾನಿಗಳು 1947ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ 44° ಸೆ. ಶಾಖ ಸುಮಾರು ಆರು ಗಂಟೆ ತಾಗಿಕೊಂಡಿದ್ದರೆ ಸುಟ್ಟಗಾಯವಾಗುತ್ತದೆ. ಉಷ್ಣತೆ ಏರಿದಂತೆ ಈ ಅವಧಿ ಬೇಗ ಕುಗ್ಗುತ್ತದೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕುಂದಿದವರಿಗೆ, ಚಳಿಗೆ ಮರಗಟ್ಟಿದವರಿಗೆ ಅದು ತಿಳಿಯುವುದೂ ಇಲ್ಲ. ಉಷ್ಣತೆಗೆ ಮಿತಿ ಹಾಕುವ ಥರ್ಮೋಸ್ಟಾಟ್ ಇಲ್ಲದ ಪ್ಯಾಡನ್ನು ಕೊಳ್ಳಲೇಬೇಡಿ.

ಇಷ್ಟು ಅಂಕಿಗಳು ಕೈಯಲ್ಲಿದ್ದವು. ‘ಸರಿಯಾಗಿ ಕೆಲಸ ಮಾಡುತ್ತಿಲ್ಲ’ ಎಂದು ಬರೆದಿದ್ದ ಹಿಂದಿನ ದೂರುಗಳನ್ನು ಬದಿಗಿಟ್ಟು ಹೊಸದೊಂದನ್ನು ಬರೆಸಿದೆ. ಬಿಲ್ಲಿನ ದಿನಾಂಕ, ಪ್ಯಾಡಿನ ಮೇಲೆ ಬರೆದ ಸಾಮರ್ಥ್ಯ, ಅದರಿಂದ ಬರಬೇಕಾದ ರೋಧ, ಅಳೆದಾಗ ಬಂದ ರೋಧ, ಎಂಜಿನ್ ಓಡುವಾಗ ಬ್ಯಾಟರಿಯಲ್ಲಿದ್ದ 14.1 ವೋಲ್ಟ್, ಮೀಟರಿನ ಚಿತ್ರಗಳು. ವಿಶೇಷಣಗಳು ಒಂದೂ ಇಲ್ಲ. ‘ಬ್ಯಾಟರಿ ಚೆಕ್ ಮಾಡಿಸಿ’ ಎಂಬ ಉತ್ತರಕ್ಕೆ ಜಾಗವೇ ಉಳಿಯಲಿಲ್ಲ.

ಕಾನೂನಿನ ವಿಷಯ ನನ್ನ ಕ್ಷೇತ್ರವಲ್ಲವಾದರೂ ಇಷ್ಟನ್ನು ತಿಳಿದುಕೊಂಡೆವು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈನಿಂದ ಜಾರಿಯಲ್ಲಿದೆ. ಅದೇ ತಿಂಗಳು ಬಂದ ಇ-ವಾಣಿಜ್ಯ ನಿಯಮಗಳಂತೆ ಅಂತರಜಾಲದ ಮಾರಾಟ ಸಂಸ್ಥೆ ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ ಅವರ ಹೆಸರು, ವಿಳಾಸ ಪ್ರಕಟಿಸಬೇಕು. ದೂರು ಬಂದ 48 ಗಂಟೆಗಳಲ್ಲಿ ಸ್ವೀಕೃತಿ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಾಟಗಾರ ದೆಹಲಿಯಲ್ಲಿದ್ದರೂ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು; ಕರೂರಿನವನಿಗೆ ಬಳ್ಳಾರಿ ಸಾಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಎರಡು ವರ್ಷಗಳ ಒಳಗೆ ದೂರು ಕೊಡಬೇಕು. ವಸ್ತುವಿನ ದೋಷ ಪರೀಕ್ಷೆಯಿಂದಷ್ಟೇ ತಿಳಿಯುವಂತಿದ್ದರೆ ಆಯೋಗವೇ ಅದನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು ಎಂಬ ಅಂಶ ನನಗೆ ಬಹಳ ಹಿಡಿಸಿತು. ಆಯೋಗವೂ ಕೊನೆಗೆ ಕೇಳುವುದು ಅಳತೆಯನ್ನೇ.

ಅಷ್ಟು ದೂರ ಹೋಗಬೇಕಾಗಲಿಲ್ಲ. ಕುಂದುಕೊರತೆ ಅಧಿಕಾರಿಗೆ ದೂರು ಕಳಿಸಿದ ಒಂಬತ್ತನೆಯ ದಿನ ಹೊಸ ಜೋಡಿ ಕಳುಹಿಸುವುದಾಗಿ ಉತ್ತರ ಬಂತು, ಕ್ಷಮೆಯ ಮಾತೇನೂ ಇರಲಿಲ್ಲ. ಹಳೆಯದನ್ನು ಮರಳಿಸಬೇಕಿಲ್ಲ ಎಂದರು. ಸೀಟು ಬಿಚ್ಚಿ ಮತ್ತೆ ಹೊಲಿಸಿದ ಖರ್ಚು ಮಾತ್ರ ಹುಡುಗನ ತಲೆಗೇ ಬಂತು. ಅದನ್ನೂ ಕೇಳು ಎಂದರೆ, ‘ಸಾಕು ಬಿಡ್ರಿ ಮಾಮ, ಗದ್ದಿ ಕೆಲಸ ಐತಿ’ ಎಂದ.

ಹೊಸ ಪ್ಯಾಡುಗಳನ್ನು ಈ ಸಲ ಪೆಟ್ಟಿಗೆಯಿಂದ ತೆಗೆದ ಕೂಡಲೇ ಅಳೆದೆವು: 6.1 ಮತ್ತು 6.0 ಓಮ್. ಹಳೆಯದನ್ನು ಕತ್ತರಿಸಿ ನೋಡಿದಾಗ ಸೀಟು ಬಾಗುವ ಜಾಗದಲ್ಲಿ, ವೈರು ಎಳೆಗೆ ಸೇರುವ ಕಡೆ ಕಂದುಬಣ್ಣದ ಸುಟ್ಟ ಚುಕ್ಕೆಯೊಂದಿತ್ತು. ಅದೀಗ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿದೆ. ಸರಣಿ ಮತ್ತು ಸಮಾಂತರ ಸಂಪರ್ಕದ ಪಾಠದ ದಿನ ಅದನ್ನು ಮೇಜಿನ ಮೇಲಿಟ್ಟು, ‘ಎಡ ಬಿಸಿ, ಬಲ ತಣ್ಣಗೆ, ಕಡಿಮೆಗೆ ಇಟ್ಟರೆ ಎರಡೂ ತಣ್ಣಗೆ, ಏನಾಗಿದೆ?’ ಎಂದು ಕೇಳುತ್ತೇನೆ.